ಮಗ್ಗದ ಶೆಡ್ಡಿನ ಮೇಯರ್

ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ, ಶಹಾಪುರ ಬಡಾವಣೆಯ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಮಹಾವೀರನ ಪಟದ ಪಕ್ಕದಲ್ಲೇ ಗಡ್ಡದ ಬಿಳಿಯನೊಬ್ಬನ ಹಳೆಯ ಫೋಟೋ ತೂಗುತ್ತಿತ್ತು. ಯಾವನೋ ಬಾಬಾ ಇರಬೇಕೆಂದು ನನಗೆ ಗುಮಾನಿ. ಕೆಳಗಿದ್ದ ಇಂಗ್ಲಿಷ್ ಸಾಲುಗಳನ್ನು ಓದಿದೆ. ನೂರೈವತ್ತು ವರ್ಷಗಳ ಹಿಂದೆ ಅಮೆರಿಕದ ಸಣ್ಣ ಊರೊಂದರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವನು, ಮೇಯರ್ ಆಗಿ, ಶಾಸಕನಾಗಿ, ಮತ್ತೆ ಗಿರಣಿಗೇ ಮರಳಿದನಂತೆ. ಕೊನೆಯದನ್ನು ನಾನು ನಂಬಲಿಲ್ಲ.

“ಇವರು ನಿಮಗೇನಾಗಬೇಕು?” ಎಂದು ಮಾಲೀಕರನ್ನು ಕೇಳಿದೆ.

“ಏನೂ ಅಲ್ರಿ. ಗುಜರಿಯಾಗ ಫ್ರೇಮ್ ಚಲೋ ಸಿಕ್ತು. ಗ್ವಾಡಿ ಮ್ಯಾಲ ಒಬ್ಬ ಪುಢಾರಿ ಬೇಕಲ್ರಿ. ಇಲ್ಲಿಯವ್ರನ್ನ ಹಾಕಿದ್ರ ಅರ್ಧ ಗಿರಾಕಿ ಸಿಟ್ಟಾಗ್ತಾರ. ಇವನ ಪಾರ್ಟಿ ಯಾರಿಗೂ ಗೊತ್ತಿಲ್ಲ.”

ಫೋಟೋ ತೆಗೆಯಲು ಮೊಬೈಲ್ ಎತ್ತಿದೆ. ಮಾಲೀಕರು ಅಡ್ಡ ಬಂದು ನಿಂತರು.

“ಅದ್ಯಾಕ್ರಿ? ನೀವು ಯಾವ ಪಾರ್ಟಿಯವ್ರು?”