ಪೂರಾ ಬಿಚ್ಚಿದ ಸ್ಕ್ರೂ

ನಾನು ಪುಣೆಯಲ್ಲಿ ಬಿ.ಎ. ಓದುವಾಗ ಪಕ್ಕದ ಖೋಲಿಯಲ್ಲಿ ಧಾರವಾಡದ ಕಡೆಯ ಗುಮಾಸ್ತರೊಬ್ಬರಿದ್ದರು. ನಮ್ಮ ಮನೆತನದಲ್ಲಿ ಕಾಲೇಜು ಕಂಡವರಲ್ಲಿ ನಾನೇ ಮೊದಲಿಗ; ಅದಕ್ಕೇ ಅವರು ನನ್ನನ್ನು "ಬಿ.ಎ. ಸಾಹೇಬ್ರ" ಎಂದೇ ಕರೆಯುತ್ತಿದ್ದರು. ಸತ್ಯಾಗ್ರಹ ಮಾಡಿ, ಮಾಫಿ ಬರೆದುಕೊಡದೆ ಯೆರವಡಾ ಜೈಲಿನಲ್ಲಿ ಪೂರ್ತಿ ಶಿಕ್ಷೆ ಮುಗಿಸಿ ಬಂದಾಗ ಅವರ ನೌಕರಿ ಹೋಗಿತ್ತು. "ಅರ್ಧಾ ಮಾಡೂ ಕೆಲಸ ನಂದಲ್ರಿ" ಎನ್ನುವುದು ಅವರ ಮಾತು. ಉಂಡ ತಾಟನ್ನೂ ಬೆರಳಿನಿಂದ ಒರೆಸಿ ಬರಿದು ಮಾಡುತ್ತಿದ್ದರು.

ಗಡಿಯಾರದ ಅಂಗಡಿಯವನೊಬ್ಬ ಅವರಿಗೆ ಹಳೆಯ ಕೈಗಡಿಯಾರ ಕೊಟ್ಟು, ಯಂತ್ರವನ್ನು ಹೊರತೆಗೆದು ಮತ್ತೆ ಕೂಡಿಸಿ ತಂದರೆ ಕೆಲಸ ಕೊಡುವೆನೆಂದಿದ್ದ. ಕಿಟಕಿಯ ಬೆಳಕಿಗೆ ಕೂತು ಅವರು ಹಿಂದಿನ ಮುಚ್ಚಳ ತೆಗೆದರು. ಕೀಲಿ ಕೊಡುವ ಕಡ್ಡಿಯನ್ನು ಹಿಡಿದಿದ್ದ ಸ್ಕ್ರೂವನ್ನು ತುಸು ಸಡಿಲಿಸಿದ್ದರೆ ಸಾಕಿತ್ತು. ಅವರು ಪೂರಾ ಬಿಚ್ಚಿದರು. ಕಡ್ಡಿ ಬಂತು, ಯಂತ್ರವೂ ಬಲ ಅಂಗೈಗೆ ಜಾರಿತು.

"ನೋಡ್ರಿ ಸಾಹೇಬ್ರ, ಹೆಂಗ ಬಂತು!"

ಆದರೆ ಸ್ಕ್ರೂ ಹಿಡಿದಿದ್ದ ಕೊಂಡಿ ಒಳಗೇ ಕಳಚಿ ಬಿದ್ದಿತ್ತು. ಎಷ್ಟು ಸಲ ತೂರಿಸಿದರೂ ಕಡ್ಡಿ ಮತ್ತೆ ನಿಲ್ಲಲೇ ಇಲ್ಲ.

"ಆತೇನ್ರಿ?" ಒಲೆಯ ಮುಂದಿನಿಂದ ಅವರ ಹೆಂಡತಿ ಕೇಳಿದರು.

"ಹೊರಗ ಬಂತು ನೋಡು," ಎಂದರು ಮೆಲ್ಲಗೆ.

ಕೆಲಸ ಕೈಗೂಡಿತೆಂದೇ ತಿಳಿದು ಆಕೆ ದೇವರಿಗೆ ಸಕ್ಕರೆ ತೋರಿಸಿ ತಂದರು. ಅವರು ಎಡಗೈ ಚಾಚಿದರು. "ಎಡಗೈ ಯಾಕ್ರಿ? ಬಲಗೈ ಮುಂದ ಮಾಡ್ರಿ."

ಯಂತ್ರ ಹಿಡಿದ ಬಲಗೈ ಮುಷ್ಟಿಯನ್ನು ಅವರು ಬಿಚ್ಚಲಿಲ್ಲ.