ಡೋರೀನಮ್ಮ ಕೊಟ್ಟ ಹನ್ನೆರಡು ಬೀಜ

ಮದುವೆಯಾಗಿ ಚಿನ್ನದ ಗಣಿಯ ಊರಾದ ಉರಿಗಾಂಗೆ ಬಂದ ಎರಡನೆಯ ದಿನ ಮಧ್ಯಾಹ್ನ ನೆಲ ನಡುಗಿತು. ಹಂಚುಗಳು ಗಲಗಲ ಎಂದವು, ಗೂಡಿನಲ್ಲಿಟ್ಟ ತಂಬಿಗೆ ಉರುಳಿ ನನ್ನ ಕಾಲ ಬಳಿ ಬಿತ್ತು. ಹೊರಗೆ ಓಡಿಬಂದೆ. ಪಕ್ಕದ ಮನೆಯ ಆಂಗ್ಲೋ ಇಂಡಿಯನ್ ಮುದುಕಿ ಡೋರೀನಮ್ಮ ಏನೂ ಆಗಿಲ್ಲವೆಂಬಂತೆ ಕುಂಡಗಳಿಗೆ ನೀರು ಹಾಕುತ್ತಿದ್ದರು. ಅದು ‘ರಾಕ್‌ಬರ್ಸ್ಟ್’, ಆಳದ ಗಣಿಯಲ್ಲಿ ಬಂಡೆ ಸಿಡಿಯುವುದು ಎಂದು ಗಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಸಂಜೆ ವಿವರಿಸಿದರು.

ಐವತ್ತರ ದಶಕದ ಕೊನೆಯ ಮಾತು ಇದು. ನಾನು ವಿಜಾಪುರದವಳು. ಇಲ್ಲಿಯ ಬೀದಿಯಲ್ಲಿ ತಮಿಳು, ತೆಲುಗು, ಕನ್ನಡ ಒಂದೇ ವಾಕ್ಯದಲ್ಲಿ ಸಿಗುತ್ತಿದ್ದವು. ನನ್ನ ಕನ್ನಡಕ್ಕೆ ಮಾತ್ರ ಎಲ್ಲರೂ ನಗುತ್ತಿದ್ದರು. ಊರಿನ ಮನೆಗೆ ಅಂಗಳವಿತ್ತು. ಇಲ್ಲಿ ಬಾಗಿಲ ಮುಂದೆ ಬರೀ ಬಂಡೆ. ಏನು ಬೆಳೆಸಬೇಕಾದರೂ ಡಬ್ಬಿಯೇ ಗತಿ.

ಡೋರೀನಮ್ಮ ಮಾರನೆಯ ತಿಂಗಳೇ ಆಸ್ಟ್ರೇಲಿಯಾದ ಮಗನ ಬಳಿಗೆ ಹೊರಟರು. ಹೊರಡುವಾಗ ಕಾಗದದ ಪೊಟ್ಟಣವೊಂದನ್ನು ನನ್ನ ಅಂಗೈಯಲ್ಲಿಟ್ಟರು. ಅದರಲ್ಲಿ ಹನ್ನೆರಡು ಸ್ವೀಟ್ ಪೀ ಬೀಜಗಳು, ಅವರ ತಾಯಿಯ ಕಾಲದಿಂದ ಬಂದ ತಳಿ. ಬಟಾಣಿಯಂತೆಯೇ ಬಳ್ಳಿ, ಆದರೆ ಹೂವಿಗಾಗಿ ಬೆಳೆಸುವುದು. ಹಡಗಿನ ಪ್ರಯಾಣದಲ್ಲಿ ಕೆಟ್ಟರೆ ಎಂಬ ಭಯ ಅವರಿಗೆ. ಅವರ ಇಂಗ್ಲಿಷಿನಲ್ಲಿ ನನಗೆ ತಿಳಿದದ್ದು ಮೂರೇ ಸಂಗತಿ: ಚಳಿ ಶುರುವಾದಾಗ ಬಿತ್ತು, ಕಾಯಿ ತಿನ್ನಬೇಡ, ಬೀಜವಾದರೆ ನನಗೂ ಕಳಿಸು.

ಸೀಮೆಎಣ್ಣೆ ಡಬ್ಬಿಗೆ ಮಣ್ಣು ತುಂಬಿ ನಾಲ್ಕು ಬೀಜ ಊರಿದೆ. ಹದಿನೈದು ದಿನವಾದರೂ ಮೊಳಕೆ ಇಲ್ಲ. ಕೆದಕಿ ನೋಡಿದರೆ ಎಲ್ಲವೂ ಇರುವೆಯ ಪಾಲಾಗಿದ್ದವು. ಕ್ಯಾಸಂಬಳ್ಳಿಯಿಂದ ಹಾಲು ತರುತ್ತಿದ್ದ ಮುನಿಯಮ್ಮ ಉಳಿದವನ್ನು ಉಗುರಿನಿಂದ ಕೀರಿ ನೋಡಿ, ಸಿಪ್ಪೆ ಕಲ್ಲಾಗಿದೆ, ಒರಳಿಗೆ ಉಜ್ಜಿ ಒಂದು ದಿನ ನೆನೆಹಾಕು ಎಂದಳು. ಹಾಗೆ ಮಾಡಿದ ಮೂರೂ ಮೊಳೆತವು. ನಾನು ಹಿಗ್ಗಿ ದಿನಕ್ಕೆರಡು ಸಲ ನೀರು ಹೊಯ್ದೆ. ಗಿಡಗಳು ಬಿಳಿಚಿಕೊಂಡು ಉದ್ದಕ್ಕೆ ಚಾಚಿ, ಒಂದು ಬೆಳಿಗ್ಗೆ ಬುಡ ಕೊಳೆತು ಮಲಗಿದವು. ಮುನಿಯಮ್ಮ ಡಬ್ಬಿ ಬೋರಲು ಹಾಕಿದಾಗ ಕೊಳೆತ ವಾಸನೆ ಬಂತು. ತಳದಲ್ಲಿ ತೂತೇ ಇರಲಿಲ್ಲ.

ನೀರು ಇಳಿಯಲೆಂದು ಮೊಳೆಯಿಂದ ತೂತು ಹೊಡೆದೆ. ಮಣ್ಣು ಸಡಿಲವಾಗಲೆಂದು ಊರಂಚಿನ ಬಿಳಿ ಗುಡ್ಡದಿಂದ ಬುಟ್ಟಿ ಮರಳು ಹೊತ್ತು ತಂದು ಬೆರೆಸಿದೆ. ಎಂಥ ನುಣುಪು ಮರಳು! ಮತ್ತೆ ಮೂರು ಬೀಜ ಹಾಕಿದೆ. ಎರಡೆಲೆ ಬಿಟ್ಟವು, ಅಂಚು ಸುಟ್ಟವು, ವಾರದೊಳಗೆ ಹಳದಿಯಾಗಿ ಸತ್ತವು.

ಮುನಿಯಮ್ಮ ಮಣ್ಣನ್ನು ಬೆರಳಲ್ಲಿ ತಿಕ್ಕಿ ನನ್ನ ಮುಖ ನೋಡಿದಳು. “ಅಯ್ಯೋ, ಇದು ಸೈನೈಡ್ ಗುಡ್ಡದ್ದು ಕಣಮ್ಮ. ಚಿನ್ನ ತಗ್ದು ಬಿಸಾಕಿರೋ ಪುಡಿ. ಅದ್ರ ಮ್ಯಾಲೆ ಉಲ್ಲೂ ಉಟ್ಟಲ್ಲ. ನಿಂಗ್ಯಾರೂ ಯೇಳ್ಲಿಲ್ವಾ?”

ಹೇಳಲು ಯಾರಿದ್ದರು? ಆ ದಿನ ನಾನು ಒಲೆಯ ಮುಂದೆ ಕೂತು ಅತ್ತೆ. ಗಿಡಕ್ಕಾಗಿ ಅತ್ತೆನೆಂದರೆ ಪೂರ್ತಿ ನಿಜವಲ್ಲ. ಅಂಗೈಯಲ್ಲಿ ಎರಡೇ ಬೀಜ ಉಳಿದಿದ್ದವು. ಚಳಿಯೂ ಮುಗಿದಿತ್ತು.

ಮುಂದಿನ ದೀಪಾವಳಿಗೆ ಮುನಿಯಮ್ಮ ತನ್ನ ಹೊಲದ ಕೆಮ್ಮಣ್ಣು, ಹಳೆಯ ಗೊಬ್ಬರ ತಂದಳು. ಡಬ್ಬಿ ಬಿಸಿಲಿಗೆ ಕಾದು ಬೇರು ಬೇಯದಂತೆ ಗೋಣಿತಾಟು ಸುತ್ತಿದೆವು. ಬೆರಳು ಮಣ್ಣಿಗಿಳಿಸಿ, ಒಣಗಿದ್ದರೆ ಮಾತ್ರ ನೀರು. ಎರಡೂ ಮೊಳೆತವು. ಒಂದನ್ನು ಬಸವನಹುಳು ತಿಂದಿತು. ಇನ್ನೊಂದು ಹಂಬಿ ಮೊಗ್ಗು ಬಿಟ್ಟಿತು, ಆದರೆ ಮೊಗ್ಗುಗಳೆಲ್ಲ ಉದುರತೊಡಗಿದವು. ಪಡುವಣ ಗೋಡೆಯ ಝಳ ಕಾರಣವಿರಬೇಕೆಂದು ಡಬ್ಬಿಯನ್ನು ಮೂಡಣಕ್ಕೆ ಸರಿಸಿದೆ. ಒಂಬತ್ತನೆಯ ದಿನ ತಿಳಿನೇರಳೆ ಹೂವೊಂದು ಅರಳಿತು. ಅದರ ವಾಸನೆಗೆ ನನ್ನ ಬಳಿ ಹೋಲಿಕೆಯಿಲ್ಲ. ನಮ್ಮ ಕಡೆಯ ಯಾವ ಹೂವೂ ಹಾಗಿಲ್ಲ.

ಮುನಿಯಮ್ಮ ಕಾಯಿ ಮುಟ್ಟಿ, ಅವರೆಯಂತೆ ಸಾರು ಮಾಡಬಹುದಲ್ಲ ಎಂದಳು. ತಿನ್ನಬಾರದೆಂದು ತಡೆದೆ. ಈ ಊರಲ್ಲಿ ಅವಳಿಗೆ ನಾನು ಹೇಳಿಕೊಟ್ಟದ್ದು ಅದೊಂದೇ.

“ತಿನ್ನಕಾಗಲ್ಲ ಅಂದ್ಮೇಲೆ ಇಷ್ಟು ಒದ್ದಾಡಿದ್ದು ಯಾಕಮ್ಮ?” ಎಂದು ಕೇಳಿದಳು. ಹೂವೊಂದನ್ನು ಕಿತ್ತು ಅವಳ ಕೈಗಿಟ್ಟೆ. ಮೂಸಿ, ತುರುಬಿಗೆ ಸಿಕ್ಕಿಸಿಕೊಂಡು ಹೋದಳು.

ಹತ್ತೊಂಬತ್ತು ಬೀಜ ಸಿಕ್ಕವು. ಹತ್ತನ್ನು ಡೋರೀನಮ್ಮನ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿದೆ. ಬಂದು ಸೇರಿದವೆಂದೂ, ಅಲ್ಲಿ ಕಾಲಗಳೇ ತಿರುಗುಮುರುಗೆಂದೂ, ನಮ್ಮ ಮಾವಿನ ಕಾಲದಲ್ಲಿ ಬಿತ್ತುವೆನೆಂದೂ ಬರೆದರು. ‘ನಮ್ಮ ಜಗುಲಿಯಿಂದ ಈಗಲೂ ರೈಲು ಕಾಣುತ್ತದೆಯೇ?’ ಎಂದು ಕೊನೆಗೆ, ತಾವು ಬಿಟ್ಟುಹೋದ ಮನೆಯ ಬಗ್ಗೆ ಕೇಳಿದ್ದರು.

ಮರುವರ್ಷ ದೀಪಾವಳಿಗೆ ಬಂಗಾರಪೇಟೆಯಲ್ಲಿ ರೈಲು ಹಿಡಿದು, ನಾಲ್ಕು ಬೀಜ ಕಟ್ಟಿಕೊಂಡು ತವರಿಗೆ ಹೋದೆ. ಅವ್ವ ಅವನ್ನು ಅಂಗಳದ ಕರಿಮಣ್ಣಿಗೆ ಊರಿ ತುಂಬಿದ ಕೊಡ ಎತ್ತಿದಳು. ನಾನು ಕೈ ಹಿಡಿದೆ. “ಬ್ಯಾಡವ್ವ, ಕೊಳೀತಾವ. ನಮ್ಮಲ್ಲೆ ಇಷ್ಟು ನೀರು ಹಾಕಂಗಿಲ್ಲ.”

ಅವ್ವ ಕೊಡ ಇಳಿಸಿದಳು.

“ನಮ್ಮಲ್ಲೆ ಅಂದ್ರ ಎಲ್ಲಿ ತಂಗಿ?”

ನಾನು ಕುಕ್ಕರುಗಾಲಲ್ಲಿ ಕೂತು ಮಣ್ಣಿಗೆ ಬೆರಳಿಳಿಸಿದೆ, ಒದ್ದೆ ಎಷ್ಟಿದೆಯೆಂದು ನೋಡುವವಳಂತೆ.