ಹೊಡೆದುಹಾಕಿದ ಎರಡು ಸಾಲು

ಮೂವತ್ತೊಂದು ವರ್ಷ ಪತ್ರಿಕೆಯೊಂದರಲ್ಲಿ ಕೂತು ಬೇರೆಯವರ ಬರಹ ತಿದ್ದಿದ ಅವರನ್ನು ಎಲ್ಲರೂ ಕತ್ತರಿ ಸಾರ್ ಎಂದೇ ಕರೆಯುತ್ತಿದ್ದರು. ಎರಡು ಕಾಲಂ ಸುದ್ದಿ ಅವರ ಕೈಗೆ ಸಿಕ್ಕರೆ ಅರ್ಧ ಕಾಲಮ್ಮಾಗಿ ಹೊರಬೀಳುತ್ತಿತ್ತು. ಮಗಳ ಮದುವೆಯ ಕರೆಯೋಲೆಯನ್ನೂ ಅವರು ಬಿಟ್ಟಿರಲಿಲ್ಲ. ಬೀಗರ ಹೆಸರಿಗೆ ಅಂಟಿಕೊಂಡಿದ್ದ ಪದವಿಗಳನ್ನೆಲ್ಲ ಹೊಡೆದುಹಾಕಿದ್ದರಿಂದ, ಪಾಪ, ಆ ಬೀಗರು ಊಟ ಮುಗಿಯುವ ತನಕ ಮುಖ ಊದಿಸಿಕೊಂಡೇ ಇದ್ದರು.

ಪತ್ರಿಕೆ ಬಾಗಿಲು ಹಾಕಿದ ಮೇಲೆ ಅವರಿಗೆ ಕೆಲಸ ಸಿಕ್ಕಿದ್ದು ಇಮೇಲ್ ನೋಡಿಕೊಳ್ಳುವ ಎಐ ಸಹಾಯಕನನ್ನು ತಯಾರಿಸುವ ಸಣ್ಣ ಕಂಪನಿಯಲ್ಲಿ. ಪತ್ರ ಹುಡುಕುವುದಕ್ಕೆ, ಉತ್ತರ ಕಳಿಸುವುದಕ್ಕೆ, ಅಳಿಸುವುದಕ್ಕೆ ಆ ಸಹಾಯಕನ ಬಳಿ ಒಂದೊಂದು ಟೂಲ್ ಇರುತ್ತದೆ. ಯಾವುದು ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಕೂಡದು ಎಂದು ಬರೆದಿಡುವುದು ಇವರ ಪಾಲಿನ ಕೆಲಸ. ಸಹಾಯಕ ಅದನ್ನು ಓದಿಯೇ ಟೂಲ್ ಆರಿಸಿಕೊಳ್ಳುತ್ತದೆ. ಬರೆಯದೆ ಬಿಟ್ಟದ್ದು ಅದಕ್ಕೆ ತಿಳಿಯುವುದಿಲ್ಲ.

ಒಂದು ಪತ್ರ, ಅದಕ್ಕೆ ಬಂದ ಉತ್ತರಗಳು ಎಲ್ಲ ಸೇರಿದ್ದಕ್ಕೆ ಅಲ್ಲಿ ಪತ್ರ ಸರಣಿ ಎನ್ನುತ್ತಿದ್ದರು. ಒಂದು ಟೂಲಿಗೆ, ಸಹಾಯಕನನ್ನು ಪರೀಕ್ಷಿಸುವ ವಿಭಾಗದ ಸಹೋದ್ಯೋಗಿ ಹೀಗೆ ಬರೆದುಕೊಟ್ಟಿದ್ದಳು: ‘ಪತ್ರ ಸರಣಿಗೆ ಉತ್ತರ ಕಳಿಸುತ್ತದೆ. ಈ ಉತ್ತರ ಕೊನೆಯ ಪತ್ರ ಬರೆದವರಿಗಷ್ಟೇ ಅಲ್ಲ, ಸರಣಿಯಲ್ಲಿ ಮೊದಲಿನಿಂದ ಇದ್ದ ಎಲ್ಲರಿಗೂ ಹೋಗುತ್ತದೆ. ಒಬ್ಬರಿಗೇ ಹೋಗಬೇಕಾದರೆ ಇದನ್ನು ಬಳಸಬೇಡ.’

ಕತ್ತರಿ ಸಾರ್ ಮೊದಲ ಸಾಲು ಉಳಿಸಿ ಮಿಕ್ಕೆರಡನ್ನು ಹೊಡೆದುಹಾಕಿದರು.

“ಸಾರ್, ಆ ಸಾಲುಗಳು ಇರಲಿ. ಇಲ್ಲದಿದ್ದರೆ ಸಹಾಯಕನಿಗೆ ಹೇಗೆ ಗೊತ್ತಾಗಬೇಕು?” ಎಂದಳು ಅವಳು.

“ನೋಡಮ್ಮ, ಸರಣಿ ಅಂದ್ಮೇಲೆ ಎಲ್ಲರೂ ಅಂತಲೇ ಅರ್ಥ. ಚಿಕ್ಕ ಮಗೂಗೂ ಗೊತ್ತಾಗತ್ತೆ.”

ಟೂಲ್ ಆ ಒಂದೇ ಸಾಲಿನೊಂದಿಗೆ ಗ್ರಾಹಕರ ಕೈ ಸೇರಿತು.

ಎರಡು ತಿಂಗಳಲ್ಲಿ ಒಂದು ಆಸ್ಪತ್ರೆಯಿಂದ ದೂರು ಬಂತು. ಅಲ್ಲಿನ ಮೇಲ್ವಿಚಾರಕಿ ಡ್ಯೂಟಿ ಪಟ್ಟಿಯನ್ನು ನಲವತ್ತು ಮಂದಿಗೆ ಇಮೇಲ್ ಮಾಡಿದ್ದಳು. ರಕ್ತ ತೆಗೆಯುವ ನರ್ಸ್ ಅದಕ್ಕೆ ಅವಳೊಬ್ಬಳಿಗೇ ಉತ್ತರ ಬರೆದಿದ್ದಳು: ಕೈ ನಡುಗಲು ಶುರುವಾಗಿದೆ, ಚಿಕಿತ್ಸೆಗೆ ಮೂರು ವಾರ ರಜೆ ಬೇಕು, ದಯವಿಟ್ಟು ಯಾರಿಗೂ ಹೇಳಬೇಡಿ. ರಜೆ ಒಪ್ಪಿದ್ದೇನೆ, ನಡುಕ ಬೇಗ ವಾಸಿಯಾಗಲಿ ಎಂದು ಉತ್ತರಿಸಲು ಮೇಲ್ವಿಚಾರಕಿ ಸಹಾಯಕನಿಗೆ ಹೇಳಿದಳು. ಆ ಉತ್ತರ ನಲವತ್ತು ಮಂದಿಗೂ ಹೋಯಿತು.

“ಸಹಾಯಕ ಹೇಳಿದ್ದನ್ನೇ ಮಾಡಿದೆ ಅಂತ ಆಸ್ಪತ್ರೆಗೆ ಬರೆದುಬಿಡಿ,” ಎಂದರು ಮೀಟಿಂಗಿನಲ್ಲಿ ಮ್ಯಾನೇಜರ್. ಸಹೋದ್ಯೋಗಿ ಕತ್ತರಿ ಸಾರ್ ಮುಖವನ್ನೇ ನೋಡಿದಳು. ಅವರು ತಲೆ ತಗ್ಗಿಸಿ, ಆ ಒಂದೇ ವಾಕ್ಯದ ಪತ್ರವನ್ನು ತಾವೇ ಬರೆದು ಕಳಿಸಿದರು. ಸಂಜೆ ಎಲ್ಲರೂ ಹೋದ ಮೇಲೆ, ಹೊಡೆದುಹಾಕಿದ್ದ ಎರಡು ಸಾಲನ್ನು ಕಳ್ಳನ ಹಾಗೆ ವಾಪಸು ಸೇರಿಸಿದರು.

ತಿಂಗಳುಗಟ್ಟಲೆ ಒಳಗೊಳಗೇ ಬೆಂದು, ಕೊನೆಗೆ ಹೆಂಡತಿಗೆ ಹೇಳಿಕೊಂಡರು.

“ಹೋಗಿ ಹೇಳ್ಬಾರದೇನ್ರೀ? ತಪ್ಪಾಯ್ತು ಅನ್ನೋಕೆ ನಿಮ್ಮಂಥೋರಿಗೆ ಎಷ್ಟು ಪದ ಬೇಕು?”

ಅವರು ಆಸ್ಪತ್ರೆಗೆ ಹೋದಾಗ ದೂರು ಬಂದು ಐದು ತಿಂಗಳು ಕಳೆದಿತ್ತು. ಆ ನರ್ಸ್ ಈಗ ರಕ್ತ ತೆಗೆಯುವ ಕೋಣೆಯಲ್ಲಿರಲಿಲ್ಲ. ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಫೈಲುಗಳಿಗೆ ನಂಬರ್ ಬರೆಯುತ್ತಿದ್ದಳು. ಅಕ್ಷರ ಒಂದಿಷ್ಟೂ ಅಲುಗಿರಲಿಲ್ಲ.

“ಔಷಧಿಯಿಂದ ನಿಂತಿದೆ,” ಎಂದಳು, ಅವರ ನೋಟ ಕಂಡು. “ಆದರೂ ನನ್ನ ಕೈಗೆ ಸೂಜಿ ಕೊಡೋರಿಲ್ಲ. ನೀವ್ಯಾರು ಅಂತ ಗೊತ್ತಾಗಲಿಲ್ಲ.”

ಅವರು ಎಲ್ಲ ಹೇಳಿದರು. ತಡವರಿಸಿದರು, ಹೇಳಿದ್ದನ್ನೇ ಎರಡೆರಡು ಸಲ ಹೇಳಿದರು. ಅವಳು ಪೆನ್ನು ಕೆಳಗಿಟ್ಟಳು.

“ಆ ಸಾಲು ಏನಿತ್ತು?”

ಬಾಯಿಪಾಠವಾಗಿತ್ತು, ಒಪ್ಪಿಸಿದರು.

“ಇಷ್ಟೇನಾ?” ಎಂದಳು. “ಮೆಷೀನು ಹೇಳಿದ್ದನ್ನೇ ಮಾಡಿದೆ ಅಂತ ನಿಮ್ಮ ಕಂಪನಿ ಬರೆದುಕೊಟ್ಟಿತ್ತಲ್ಲ. ಹಾಗಾದರೆ ನಮ್ಮ ಮೇಲ್ವಿಚಾರಕಿನೇ ಬೇಕಂತ ಎಲ್ಲರಿಗೂ ಕಳಿಸಿದ್ದು ಅಂದ್ಕೊಂಡ್ವಿ. ನಾನಲ್ಲ ಕಣೇ ಅಂತ ಅವಳು ಎಷ್ಟು ಅತ್ತಳು. ಹನ್ನೆರಡು ವರ್ಷ ಒಂದೇ ಡಬ್ಬಿಯಲ್ಲಿ ಉಂಡೋರು ಸಾರ್ ನಾವು. ನಾನು ಮಾತು ಬಿಟ್ಟೆ. ಹೋದ ತಿಂಗಳು ಅವಳು ಕೆಲಸಾನೂ ಬಿಟ್ಟು ಹೋದಳು.”

ಸಾಲು ಹೊಡೆದದ್ದೊಂದೇ ತಮ್ಮ ತಪ್ಪು ಎಂದುಕೊಂಡು ಕತ್ತರಿ ಸಾರ್ ಬಂದಿದ್ದರು. ಬಾಯಿ ಮುಚ್ಚಿಕೊಂಡಿದ್ದು ಅದಕ್ಕಿಂತ ದೊಡ್ಡದಾಗಿ ಎದುರು ನಿಂತಿತು.

“ನಾನೇ ಅವರಿಗೆ ಬರೀತೀನಮ್ಮ, ವಿಳಾಸ ಕೊಡಿ.”

“ಬೇಡ ಸಾರ್, ಇನ್ನೊಂದು ಮೇಲ್ ಮಾತ್ರ ಬೇಡ. ಅವಳ ಫೋನ್ ನಂಬರ್ ಇದೆ ನನ್ನ ಹತ್ರ. ಮಾಡ್ತೀನೋ ಇಲ್ಲವೋ ಗೊತ್ತಿಲ್ಲ.”

ಮರುದಿನ ಅವರು ಮ್ಯಾನೇಜರ್ ಮುಂದೆ ಎಲ್ಲವನ್ನೂ ಒಪ್ಪಿಕೊಂಡರು. ಕಂಪನಿಯ ತಪ್ಪೇ ಎಂದು ಆಸ್ಪತ್ರೆಗೆ ಎರಡು ಪುಟದ ಪತ್ರ ಹೋಯಿತು. “ಅವತ್ತೇ ಹೇಳಬಹುದಿತ್ತು ಸಾರ್,” ಎಂದಷ್ಟೇ ಅಂದಳು ಸಹೋದ್ಯೋಗಿ.

ಆ ಫೋನ್ ಹೋಯಿತೋ ಇಲ್ಲವೋ ಅವರಿಗೆ ಕೊನೆಗೂ ತಿಳಿಯಲಿಲ್ಲ. ಹೋಗಿ ಕೇಳಲು ಮುಖವೂ ಇರಲಿಲ್ಲ.